ಬೆಂಚಿನಿಂದ ಎದ್ದು ಬಂದವನು ಗೆಲ್ಲಿಸಿದ ಫೈನಲ್

ಕ್ಯಾಲಿಫೋರ್ನಿಯಾಗೆ ಬಂದ ಮೇಲೆ ನನಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಯಿತು. ಅದಕ್ಕೆ ಕಾರಣ ಬೆಂಚಿನ ಮೇಲೆ ಕೂತಿರುವ ಆಟಗಾರರು ಅಂದರೆ ಊರಿನ ಗೆಳೆಯರು ನಂಬುವುದಿಲ್ಲ.

ನಮ್ಮ ಕ್ರಿಕೆಟ್‌ನಲ್ಲಿ ಹನ್ನೊಂದರಲ್ಲಿ ಜಾಗ ಸಿಗದವನು ಹೆಚ್ಚಾಗಿ ನೀರು ಹೊತ್ತುಕೊಂಡು ಓಡುತ್ತಾನೆ, ಅಲ್ವಾ? ಇಲ್ಲಿ ಹಾಗಲ್ಲ. ಅಂಗಳದಲ್ಲಿ ಐದೇ ಜನ, ಆದರೆ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಇಲ್ಲಿನ ದೊಡ್ಡ ಲೀಗ್ ಆದ ಎನ್‌ಬಿಎಯಲ್ಲಿ ಪಂದ್ಯ 48 ನಿಮಿಷ. ಅಂದರೆ ಕೋಚ್ ಕೈಯಲ್ಲಿ ಹಂಚಲು 240 ನಿಮಿಷ ಇರುತ್ತವೆ. ಅದನ್ನು ಯಾರಿಗೆ, ಯಾವಾಗ, ಯಾರ ಜೊತೆ ಕೊಡಬೇಕು ಅನ್ನುವುದರಲ್ಲೇ ಅರ್ಧ ಆಟ ಅಡಗಿದೆ.

ಓಕ್ಲೆಂಡ್‌ನ ಅರೀನಾದಲ್ಲಿ ಮೇಲಿನ ಸೀಟಿನಲ್ಲಿ ಕೂತರೆ ಇದು ಚೆನ್ನಾಗಿ ಕಾಣುತ್ತಿತ್ತು. ಕೋಚ್ ಹೆಸರು ಕರೆದ ಕೂಡಲೇ ಆಟಗಾರ ಮೇಲಂಗಿ ಕಿತ್ತೆಸೆದು, ಸ್ಕೋರ್ ಬರೆಯುವವರ ಮೇಜಿನ ಮುಂದೆ ಕುಕ್ಕರಗಾಲಲ್ಲಿ ಕಾಯುತ್ತಾನೆ. ಸೀಟಿ ಬಿದ್ದಾಗ ಒಳಗೆ ಹೋಗುತ್ತಾನೆ. ಹೊರಗೆ ಬರುವವನು ತಾನು ತಡೆಯುತ್ತಿದ್ದ ಎದುರಾಳಿಯನ್ನು ಬೆರಳು ಮಾಡಿ ತೋರಿಸಿ ಬರುತ್ತಾನೆ. ಟಿವಿಯಲ್ಲಿ ಅಷ್ಟೊತ್ತಿಗೆ ಜಾಹೀರಾತು ಬಂದಿರುತ್ತದೆ!

ಎನ್‌ಬಿಎ ಫೈನಲ್ಸ್ ಅಂದರೆ ಒಂದೇ ಪಂದ್ಯವಲ್ಲ, ಮೊದಲು ನಾಲ್ಕು ಪಂದ್ಯ ಗೆದ್ದವರು ಚಾಂಪಿಯನ್. 2015ರ ಫೈನಲ್ಸ್‌ನಲ್ಲಿ ನಮ್ಮ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಕ್ಲೀವ್‌ಲ್ಯಾಂಡ್ ಎದುರು 1-2ರಿಂದ ಹಿಂದಿತ್ತು. ಕೋಚ್ ಸ್ಟೀವ್ ಕರ್ ಅವರ ಸಹಾಯಕ ನಿಕ್ ಯುರೆನ್ ಹಿಂದಿನ ವರ್ಷದ ಫೈನಲ್ಸ್ ವಿಡಿಯೋ ನೋಡುತ್ತಾ ಒಂದು ಉಪಾಯ ಹೇಳಿದರು: ಏಳಡಿ ಎತ್ತರದ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ, ಬೆಂಚಿನಲ್ಲಿರುವ ಆಂಡ್ರೆ ಇಗ್ವೊಡಾಲನನ್ನು ಶುರುವಿನಲ್ಲೇ ಇಳಿಸೋಣ. ದೊಡ್ಡ ಆಳನ್ನು ತೆಗೆದರೆ ಬುಟ್ಟಿಯ ಕೆಳಗೆ ಯಾರು? ಅವನಿಗಿಂತ ಗಿಡ್ಡಗಿದ್ದ ಡ್ರೇಮಂಡ್ ಗ್ರೀನ್!

ನಾಲ್ಕನೇ ಪಂದ್ಯದಲ್ಲಿ ಕ್ಲೀವ್‌ಲ್ಯಾಂಡ್‌ನ ದೈತ್ಯ ಮೊಜ್‌ಗೋವ್ ಇದರ ಲಾಭ ಪಡೆದು 28 ಅಂಕ ಬಾಚಿಕೊಂಡ. ಆದರೂ ಕರ್ ಹೆದರಿ ಹಿಂದೆ ಸರಿಯಲಿಲ್ಲ. ಐವರೂ ಓಡಬಲ್ಲವರು, ಪಾಸ್ ಮಾಡಬಲ್ಲವರು, ಯಾರನ್ನು ಬೇಕಾದರೂ ತಡೆಯಬಲ್ಲವರು. ಆಟದ ವೇಗವೇ ಬದಲಾಯಿತು. ಎದುರಾಳಿಗಳಲ್ಲಿ ಇಬ್ಬರು ಹೆಸರಾಂತ ಆಟಗಾರರು ಗಾಯಗೊಂಡು ಹೊರಗಿದ್ದರು, ಅವರ ತಾರೆ ಲೆಬ್ರಾನ್ ಜೇಮ್ಸ್‌ಗೆ ಉಸಿರಾಡಲೂ ಬಿಡುವಿರಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ, ಅಂದರೆ ಪಂದ್ಯದ ಕೊನೆಯ ಕಾಲು ಭಾಗದಲ್ಲಿ, ಕ್ಲೀವ್‌ಲ್ಯಾಂಡ್ ಗಳಿಸಿದ್ದು ಬರೀ 12 ಅಂಕ. ವಾರಿಯರ್ಸ್ 103-82ರಲ್ಲಿ ಗೆದ್ದಿತು. ಮುಂದಿನ ಎರಡೂ ಗೆದ್ದು 40 ವರ್ಷಗಳ ನಂತರ ಚಾಂಪಿಯನ್ ಆಯಿತು.

ನನಗೆ ಇಗ್ವೊಡಾಲ ಮೇಲೆ ಅಪಾರ ಗೌರವ. ಆ ಸೀಸನ್‌ಗೂ ಮೊದಲು ಆಡಿದ 758 ಲೀಗ್ ಪಂದ್ಯಗಳಲ್ಲೂ ಅವನು ಶುರುವಿನ ಐವರಲ್ಲಿದ್ದ. ಆ ಸೀಸನ್‌ನಲ್ಲಿ ಒಂದು ಲೀಗ್ ಪಂದ್ಯವನ್ನೂ ಶುರು ಮಾಡಲಿಲ್ಲ, ಆದರೆ ಫೈನಲ್ಸ್‌ನ ಶ್ರೇಷ್ಠ ಆಟಗಾರ ಅವನೇ ಆದ. ತಂಡದಲ್ಲಿ ಅತಿ ಹೆಚ್ಚು ಸಂಬಳವಿದ್ದ ಡೇವಿಡ್ ಲೀ ಕೂಡ ಗ್ರೀನ್‌ಗೆ ಜಾಗ ಬಿಟ್ಟಿದ್ದ. ಇಂಥವರು ಮುಖ ಊದಿಸಿಕೊಂಡು ಕೂತಿದ್ದರೆ ಯಾವ ಕೋಚ್‌ನ ಲೆಕ್ಕಾಚಾರವೂ ನಡೆಯುತ್ತಿರಲಿಲ್ಲ.

ಫೈನಲ್ಸ್ ನಿಮಗೆ ಸಾಮಾನ್ಯವಾಗಿ ಬೆಳಗಿನ ಕಾಫಿ ಹೊತ್ತಿಗೆ ಬರುತ್ತದೆ. ಈ ಸಲ ನೋಡುವಾಗ ಶುರುವಿನಲ್ಲಿ ಯಾರಿದ್ದರು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಕೊನೆಯ ಐದು ನಿಮಿಷ ಯಾರಿದ್ದಾರೆ ಅಂತ ಹೋಲಿಸಿ ನೋಡಿ, ನನಗೂ ತಿಳಿಸಿ.