ಕಾಯ್ದೆ ರದ್ದಾಯಿತಲ್ಲ, ರೋಸಲಿನ್ ಕಾರ್ಟರ್ ಮಾಡಿದ್ದರಲ್ಲಿ ಉಳಿದದ್ದೇನು?

ಅಮೆರಿಕದ ಮಾಜಿ ಪ್ರಥಮ ಮಹಿಳೆ ರೋಸಲಿನ್ ಕಾರ್ಟರ್ ಬಗ್ಗೆ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಎದುರಾಗುತ್ತದೆ: "ಮೂರೂವರೆ ವರ್ಷ ಕಷ್ಟಪಟ್ಟು ಮಾನಸಿಕ ಆರೋಗ್ಯಕ್ಕೊಂದು ಕಾಯ್ದೆ ತಂದರು. ಮುಂದಿನ ಸರ್ಕಾರ ಹತ್ತೇ ತಿಂಗಳಲ್ಲಿ ಅದನ್ನು ಮುಗಿಸಿತು. ಮತ್ಯಾಕೆ ಅವರನ್ನು ಇಷ್ಟು ನೆನೆಯುತ್ತೀರಿ?"

ಕಾಯ್ದೆಯ ಬಹುಭಾಗ ಹೋದದ್ದು ನಿಜ. ಅದು ಹೋದದ್ದು ಹೇಗೆ, ಆಮೇಲೆ ಅವರು ಯಾವ ದಾರಿ ಹಿಡಿದರು ಎಂಬುದನ್ನು ನೋಡಿದರೆ ಉತ್ತರ ಅಲ್ಲೇ ಇದೆ.

ರೋಸಲಿನ್ ಹುಟ್ಟಿದ್ದು 1927ರಲ್ಲಿ, ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ಚಿಕ್ಕ ಊರಲ್ಲಿ. ಹದಿಮೂರನೇ ವಯಸ್ಸಿಗೆ ತಂದೆ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. ತಾಯಿ ಬಟ್ಟೆ ಹೊಲಿದು ಮನೆ ನಡೆಸಿದರು, ಮುಂದೆ ಅಂಚೆ ಕಚೇರಿಯಲ್ಲೂ ದುಡಿದರು. 1946ರಲ್ಲಿ ಜಿಮ್ಮಿ ಕಾರ್ಟರ್ ಜೊತೆ ಮದುವೆ. 1953ರಲ್ಲಿ ಗಂಡ ನೌಕಾಪಡೆ ಬಿಟ್ಟು ಊರಿಗೆ ಮರಳಿದ ಮೇಲೆ ಕಡಲೆಕಾಯಿ ವ್ಯಾಪಾರದ ಲೆಕ್ಕಪುಸ್ತಕ ಇವರ ಕೈಗೆ ಬಂತು. ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂದು ನೋಡುವ ಕಣ್ಣು ಬಂದದ್ದು ಅಲ್ಲಿಂದಲೇ ಎಂದು ನಮಗನಿಸುತ್ತದೆ.

ಮಾನಸಿಕ ಆರೋಗ್ಯದ ಕಡೆಗೆ ಅವರು ತಿರುಗಿದ್ದು ಗಂಡನ ಗವರ್ನರ್ ಚುನಾವಣೆಯ ಪ್ರಚಾರದಲ್ಲಿ. ಅಟ್ಲಾಂಟಾದ ಹತ್ತಿ ಗಿರಣಿಯೊಂದರ ಬಾಗಿಲಲ್ಲಿ ನಸುಕಿಗೇ ನಿಂತಿದ್ದರು. ರಾತ್ರಿ ಪಾಳಿ ಮುಗಿಸಿ ಹೊರಬಂದ ಹೆಂಗಸಿನ ಕೂದಲಲ್ಲಿ, ಬಟ್ಟೆಯಲ್ಲಿ ಹತ್ತಿಯ ಎಳೆ ಅಂಟಿಕೊಂಡಿತ್ತು. ಮನೆಗೆ ಹೋಗಿ ನಿದ್ದೆ ಮಾಡುತ್ತೀರಾ ಎಂದು ಕೇಳಿದರೆ, ಮಾನಸಿಕ ಕಾಯಿಲೆಯ ಮಗಳಿದ್ದಾಳೆ, ಗಂಡನ ಸಂಬಳ ಸಾಲದು, ಹಗಲು ಅವನು ದುಡಿಯುವಾಗ ಮಗಳನ್ನು ತಾನೇ ನೋಡಿಕೊಳ್ಳಬೇಕು ಎಂದಳು. ಅದೇ ದಿನ ರೋಸಲಿನ್ ಗಂಡನ ಪ್ರಚಾರ ಸಭೆಗೆ ಹೋಗಿ, ಕೈಕುಲುಕಲು ನಿಂತವರ ಸಾಲಿನಲ್ಲೇ ನಿಂತು, ಗೆದ್ದರೆ ಇಂಥವರಿಗೆ ಏನು ಮಾಡುತ್ತೀರಿ ಎಂದು ಕೇಳಿದರು.

1977ರ ಫೆಬ್ರವರಿಯಲ್ಲಿ, ಅಂದರೆ ದೇಶದ ಅಧ್ಯಕ್ಷರಾಗಿ ಅಧಿಕಾರಕ್ಕೆ ಬಂದ ತಿಂಗಳೊಳಗೆ, ಜಿಮ್ಮಿ ಕಾರ್ಟರ್ ಮಾನಸಿಕ ಆರೋಗ್ಯ ಆಯೋಗ ನೇಮಿಸಿದರು. ಮೊದಲ ತೊಡಕು ಅಲ್ಲೇ. 1967ರ ಕಾನೂನಿನ ಪ್ರಕಾರ ಅಧಿಕಾರದಲ್ಲಿರುವವರು ಹತ್ತಿರದ ಸಂಬಂಧಿಕರನ್ನು ಸರ್ಕಾರಿ ಹುದ್ದೆಗೆ ನೇಮಿಸುವಂತಿಲ್ಲ. ಹಾಗಾಗಿ ರೋಸಲಿನ್ ಗೌರವಾಧ್ಯಕ್ಷೆಯಾದರು, ಕಾಗದದ ಮೇಲೆ ಅಧ್ಯಕ್ಷರಾದದ್ದು ಡಾ. ಥಾಮಸ್ ಬ್ರಯಂಟ್. ಸದಸ್ಯರು 20 ಮಂದಿ. ವಿಷಯವಾರು ತಂಡಗಳಲ್ಲಿ ನೂರಾರು ಜನ ಸ್ವಯಂಪ್ರೇರಣೆಯಿಂದ ದುಡಿದರು. ಹಲವು ನಗರಗಳಲ್ಲಿ ಸಾರ್ವಜನಿಕ ಅಹವಾಲು ಕೇಳಿದರು. 1978ರ ಏಪ್ರಿಲ್‌ನಲ್ಲಿ ನೂರಕ್ಕೂ ಹೆಚ್ಚು ಶಿಫಾರಸುಗಳ ವರದಿ ಬಂತು. 1979ರ ಫೆಬ್ರವರಿಯಲ್ಲಿ ರೋಸಲಿನ್ ಸೆನೆಟ್ ಉಪಸಮಿತಿಯ ಮುಂದೆ ಕೂತು ಹೇಳಿಕೆ ಕೊಟ್ಟರು. ಪ್ರಥಮ ಮಹಿಳೆಯೊಬ್ಬರು ಸಂಸತ್ತಿನ ಸಮಿತಿಯ ಮುಂದೆ ಹಾಗೆ ಬಂದದ್ದು ಎಲಿನಾರ್ ರೂಸ್‌ವೆಲ್ಟ್ ನಂತರ ಅದೇ ಮೊದಲು.

ಕೆಟ್ಟದ್ದು ಸಮಯ. ವರದಿಯಿಂದ ಮಸೂದೆಗೆ ಒಂದು ವರ್ಷ ಹಿಡಿಯಿತು. ಒಕ್ಕೂಟ ಸರ್ಕಾರದ ಹಣ ನೇರವಾಗಿ ಸ್ಥಳೀಯ ಮಾನಸಿಕ ಆರೋಗ್ಯ ಕೇಂದ್ರಗಳಿಗೆ ಹೋಗಬೇಕೋ, ರಾಜ್ಯಗಳ ಮೂಲಕ ಹೋಗಬೇಕೋ ಎಂಬ ಜಗ್ಗಾಟದಲ್ಲಿ ಇನ್ನೊಂದು ವರ್ಷ ಮೀರಿ ಕಳೆಯಿತು. ಕಾಯ್ದೆಗೆ ಸಹಿ ಬಿದ್ದದ್ದು 1980ರ ಅಕ್ಟೋಬರ್ 7ರಂದು. ನವೆಂಬರ್ 4ರಂದು ಕಾರ್ಟರ್ ಸೋತರು. ಯೋಜನೆಗೆ ಹಣ ಹರಿದು, ಕೇಂದ್ರಗಳು ತೆರೆದು, ಅದರ ಪ್ರಯೋಜನ ಉಂಡವರು ಅದರ ಪರ ಎದ್ದುನಿಲ್ಲಲು ಅವಕಾಶವೇ ಸಿಗಲಿಲ್ಲ. 1981ರ ಆಗಸ್ಟ್‌ನಲ್ಲಿ ರೇಗನ್ ಸರ್ಕಾರದ ಬಜೆಟ್ ಕಾಯ್ದೆ ಆ ಹಣವನ್ನು ಬೇರೆ ಬಾಬ್ತುಗಳ ಜೊತೆ ಸೇರಿಸಿ, ಮೊತ್ತ ಇಳಿಸಿ, ಇಡುಗಂಟಾಗಿ ರಾಜ್ಯಗಳ ಕೈಗೆ ಕೊಟ್ಟಿತು.

ಹಾಗಿದ್ದೂ ಒಂದು ಭಾಗ ಉಳಿಯಿತು. ಮಾನಸಿಕ ರೋಗಿಗಳ ಹಕ್ಕುಗಳ ಪಟ್ಟಿ ರದ್ದಾಗದೆ ಕಾನೂನು ಪುಸ್ತಕದಲ್ಲೇ ಇತ್ತು. 1986ರಲ್ಲಿ ರೋಗಿಗಳ ಪರ ವಾದಿಸಲು, ಆಸ್ಪತ್ರೆಗಳಲ್ಲಿನ ದೌರ್ಜನ್ಯ ವಿಚಾರಿಸಲು ಪ್ರತಿ ರಾಜ್ಯದಲ್ಲೂ ಸಂಸ್ಥೆ ಇರಬೇಕೆಂಬ ಕಾಯ್ದೆ ಬಂದಾಗ ಆ ಪಟ್ಟಿಯನ್ನು ಅದರಲ್ಲಿ ಮತ್ತೆ ಎತ್ತಿ ಹೇಳಿದರು. ಆ ಸಂಸ್ಥೆಗಳು ಇವತ್ತಿಗೂ ಕೆಲಸ ಮಾಡುತ್ತಿವೆ.

ರೋಸಲಿನ್ ಅವರ ಹೆಚ್ಚಿನ ಕೆಲಸ ಶುರುವಾದದ್ದು ಶ್ವೇತಭವನ ಬಿಟ್ಟ ಮೇಲೆ. 1982ರಲ್ಲಿ ದಂಪತಿ ಅಟ್ಲಾಂಟಾದಲ್ಲಿ ಕಾರ್ಟರ್ ಸೆಂಟರ್ ಕಟ್ಟಿದರು. 1985ರಿಂದ ಅಲ್ಲಿ ವರ್ಷಕ್ಕೊಮ್ಮೆ ಮಾನಸಿಕ ಆರೋಗ್ಯ ನೀತಿಯ ಸಮಾವೇಶ. ಪರಸ್ಪರ ಮುಖ ನೋಡದಿದ್ದ ವೈದ್ಯರ ಸಂಘಗಳು, ರೋಗಿಗಳ ಗುಂಪುಗಳು, ಕುಟುಂಬದವರ ಸಂಘಟನೆಗಳು ಒಂದೇ ಮೇಜಿಗೆ ಬಂದದ್ದು ಹಾಗೆ. 1987ರಲ್ಲಿ ಅಮೆರಿಕಸ್ ಎಂಬ ಊರಿನಲ್ಲಿ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವವರಿಗಾಗಿಯೇ ಇನ್ನೊಂದು ಸಂಸ್ಥೆ ಹುಟ್ಟಿತು.

1996ರಲ್ಲಿ ಶುರುವಾದ ಪತ್ರಕರ್ತರ ಫೆಲೋಶಿಪ್ ನಮ್ಮ ದೃಷ್ಟಿಯಲ್ಲಿ ಅವರ ಅತಿ ಜಾಣ ಕೆಲಸ. ಆಯೋಗದ ಮೊದಲ ಪತ್ರಿಕಾಗೋಷ್ಠಿಯ ಮರುದಿನ ಪತ್ರಿಕೆ ತೆರೆದರೆ ಅದರ ಬಗ್ಗೆ ಒಂದಕ್ಷರವೂ ಇರಲಿಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದಾರೆ. ಫೆಲೋಶಿಪ್‌ನ ರೀತಿ ಸರಳ: ಪತ್ರಕರ್ತ ಕೆಲಸ ಬಿಡಬೇಕಾಗಿಲ್ಲ. ಒಂದು ವರ್ಷ, ಒಂದು ವಿಷಯ, 10,000 ಡಾಲರ್ ನೆರವು, ಜೊತೆಗೆ ತಿಳಿದವರ ಮಾರ್ಗದರ್ಶನ. ಬರೆದದ್ದು ಅವರವರ ಪತ್ರಿಕೆಯಲ್ಲೇ ಬರುತ್ತದೆ. ವಾರ್ತೆಯಲ್ಲಿ ಮನೋರೋಗಿ ಎಂದರೆ ಅಪರಾಧಿ ಎಂಬಂತೆ ಬರೆಯುವ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದು ನಮಗೆ ಕಂಡಿಲ್ಲ.

2010ರಲ್ಲಿ ಕಾರ್ಟರ್ ಸೆಂಟರ್ ಲೈಬೀರಿಯಾಕ್ಕೆ ಹೋಯಿತು. ಅಂತರ್ಯುದ್ಧದಲ್ಲಿ ಬೆಂದ ಆ ದೇಶದಲ್ಲಿ ಆಗ ಇದ್ದದ್ದು ಒಬ್ಬರೇ ಮನೋವೈದ್ಯ. ಅಲ್ಲಿನ ನರ್ಸ್‌ಗಳು ಮತ್ತು ಸಹಾಯಕ ವೈದ್ಯರಿಗೇ ಆರು ತಿಂಗಳ ತರಬೇತಿ ಕೊಟ್ಟು ಸ್ಥಳೀಯ ಆರೋಗ್ಯ ಕೇಂದ್ರಗಳಿಗೆ ಕಳಿಸಿದರು. ಕನ್ನಡದ ಓದುಗರಿಗೆ ಈ ದಾರಿ ಹೊಸದಲ್ಲ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಮಾಡಿ ತೋರಿಸಿದ್ದೂ ಇದನ್ನೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಇನ್ನು ವಿಮೆ. ದೇಹದ ಕಾಯಿಲೆಗೆ ಒಂದು ಮಿತಿ, ಮನಸ್ಸಿನ ಕಾಯಿಲೆಗೆ ಅದಕ್ಕಿಂತ ಬಿಗಿಯಾದ ಮಿತಿ ಇರಬಾರದು ಎಂಬ ವಾದವನ್ನು ಅವರು ದಶಕಗಳ ಕಾಲ ಬಿಡಲಿಲ್ಲ. 2007ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಮತ್ತೆ ಸಂಸತ್ತಿನ ಸಮಿತಿಯ ಮುಂದೆ ಬಂದರು. 2008ರ ಅಕ್ಟೋಬರ್‌ನಲ್ಲಿ, ಬ್ಯಾಂಕುಗಳನ್ನು ಉಳಿಸುವ ತುರ್ತು ಕಾಯ್ದೆಯ ಜೊತೆಗೇ ಸಮಾನತೆಯ ಕಾಯ್ದೆಯೂ ಪಾಸಾಯಿತು. ಅಂತಿಮ ನಿಯಮಗಳು ಬರಲು ಇನ್ನೂ ಐದು ವರ್ಷ. ಆರೋಗ್ಯ ಕಾರ್ಯದರ್ಶಿ ಕ್ಯಾಥ್ಲೀನ್ ಸೆಬೀಲಿಯಸ್ 2013ರ ನವೆಂಬರ್ 8ರಂದು ಅವನ್ನು ಪ್ರಕಟಿಸಿದ್ದು ಅಟ್ಲಾಂಟಾದಲ್ಲಿ, ರೋಸಲಿನ್ ಅವರ ಸಮಾವೇಶದಲ್ಲೇ. ಆ ಕಾಯ್ದೆಯ ದೌರ್ಬಲ್ಯವೂ ಗೊತ್ತಿರಲಿ: ಮಾನಸಿಕ ಚಿಕಿತ್ಸೆಗೆ ವಿಮೆ ಕೊಡಲೇಬೇಕು ಎಂದು ಅದು ಹೇಳುವುದಿಲ್ಲ, ಕೊಡುವುದಾದರೆ ಭೇದ ಬೇಡ ಎನ್ನುತ್ತದೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕು ಎಂದು ಅದು ಪ್ರತಿ ವಿಮಾ ಕಂಪನಿಗೂ ವಿಧಿಸುತ್ತದೆ. ಮಾನಸಿಕ ಕಾಯಿಲೆ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸಿದರೆ ದೂರಿನಲ್ಲಿ ಈ ಕಲಂನ ಸಂಖ್ಯೆಯನ್ನೇ ನಮೂದಿಸಿ.