ಗೇರ್ ಯಾವುದರಲ್ಲಿದೆ ಅಂತ ಕೈಗೇ ಗೊತ್ತಾಗಬೇಕು

ಪೋರ್ಷೆ 911ರ 992 ತಲೆಮಾರಿನ ಕಾರನ್ನು ಪಿಡಿಕೆ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸ್ ಜೊತೆ ತಗೊಂಡರೆ ಎರಡು ಸೀಟುಗಳ ನಡುವೆ ಸಿಗುವುದು ಗೇರ್ ಲಿವರ್ ಅಂತ ಹೆಬ್ಬೆರಳಿನಷ್ಟು ಉದ್ದದ ಒಂದು ತುಂಡು. ನೋಡಿದವರು ಅದನ್ನು ಗಡ್ಡ ಬೋಳಿಸುವ ಎಲೆಕ್ಟ್ರಿಕ್ ಶೇವರ್‌ಗೆ ಹೋಲಿಸಿದರು, ಆ ಹೆಸರು ಅಂಟಿಕೊಂಡೇ ಬಿಟ್ಟಿತು. ಮುಂದಕ್ಕೆ ತಳ್ಳಿದರೆ ರಿವರ್ಸ್, ಹಿಂದಕ್ಕೆ ಎಳೆದರೆ ಡ್ರೈವ್, ಪಾರ್ಕಿಂಗ್‌ಗೆ ಬೇರೆ ಗುಂಡಿ. ಹಿಂದಿನ 991ರಲ್ಲಿ ಲಿವರನ್ನು ಪಕ್ಕಕ್ಕೆ ಸರಿಸಿ ನಾವೇ ಗೇರ್ ಏರಿಸಿ ಇಳಿಸಬಹುದಿತ್ತು. 992ರ ಸಾಮಾನ್ಯ ಮಾದರಿಯಾದ ಕರೇರಾದಲ್ಲಿ ಆ ದಾರಿ ಮುಚ್ಚಿತು, ಸ್ಟೀರಿಂಗ್ ಹಿಂದೆ ಬೆರಳಲ್ಲಿ ಎಳೆಯುವ ಪ್ಯಾಡಲ್ ಒಂದೇ ಗತಿ.

ಇದರ ಬಗ್ಗೆ ಯಾರಾದರೂ ಬೇಸರಪಟ್ಟುಕೊಂಡರೆ "ಹಳೇ ಕಾಲದ ಮೋಹ" ಅಂತ ತಳ್ಳಿಹಾಕುವವರೇ ಹೆಚ್ಚು. ಮೋಹದ ಮಾತು ಪಕ್ಕಕ್ಕಿರಲಿ. ಗೇರ್ ಲಿವರ್ ಎರಡು ಕೆಲಸ ಮಾಡುತ್ತಿತ್ತು. ಗೇರ್ ಬದಲಿಸುವುದು ಒಂದು. ಈಗ ಯಾವ ಗೇರ್‌ನಲ್ಲಿದ್ದೀರಿ ಅಂತ ಕಣ್ಣು ರಸ್ತೆ ಬಿಡದ ಹಾಗೆ ಅಂಗೈಗೆ ತಿಳಿಸುವುದು ಇನ್ನೊಂದು. ಹೊಸ ವಿನ್ಯಾಸಗಳು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಕೈಬಿಟ್ಟಿವೆ. ದೂರಿನ ಬೇರು ಇರುವುದು ಇಲ್ಲಿ.

ಮೊದಲು ಲಿವರ್ ಯಾಕೆ ಕುಗ್ಗಿತು ಅಂತ ನೋಡೋಣ. ಹಳೆಯ ಆಟೊಮ್ಯಾಟಿಕ್‌ನಲ್ಲಿ ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಉಕ್ಕಿನ ಕೇಬಲ್ಲೋ ರಾಡೋ ಇರುತ್ತಿತ್ತು. ಅದನ್ನು ಎಳೆಯಲು ಬಲ ಬೇಕು, ಬಲಕ್ಕೆ ಉದ್ದದ ಲಿವರ್ ಬೇಕು, ಲಿವರ್ ಓಡಾಡಲು ಜಾಗ ಬೇಕು. ಈಗಿನದರಲ್ಲಿ ಲಿವರ್ ಬುಡದಲ್ಲಿ ಒಂದು ಆಯಸ್ಕಾಂತ, ಅದರ ಎದುರು ಸೆನ್ಸರ್‌ಗಳು. ಎಷ್ಟು ಸರಿಯಿತು ಅಂತ ಸೆನ್ಸರ್ ಹೇಳುತ್ತದೆ, ಗೇರ್‌ಬಾಕ್ಸ್‌ನ ಕಂಪ್ಯೂಟರ್ ಉಳಿದದ್ದನ್ನು ಮಾಡುತ್ತದೆ. ಕೈಗೆ ಸಿಗುವ "ಟಕ್" ಅನ್ನುವ ಅನುಭವವೂ ಗೇರ್‌ಬಾಕ್ಸ್‌ನದ್ದಲ್ಲ. ಸ್ಪ್ರಿಂಗ್ ಒತ್ತಿ ಹಿಡಿದ ಒಂದು ಸಣ್ಣ ಮೊಳೆ ಪ್ಲಾಸ್ಟಿಕ್ ಏರಿಳಿತದ ಮೇಲೆ ಜಾರುವ ಸದ್ದು ಅದು. ಸ್ವಿಚ್ ಆದಮೇಲೆ ಗಾತ್ರ ಎಷ್ಟಿದ್ದರೇನು? ಉಳಿದ ಜಾಗಕ್ಕೆ ಫೋನ್ ಚಾರ್ಜರ್ ಮತ್ತು ಲೋಟ ಇಡುವ ಗುಳಿ ಬಂದವು. ಕಾರು ತಾನೇ ಪಾರ್ಕ್ ಮಾಡಿಕೊಳ್ಳಬೇಕಾದರೂ ತಾನೇ ಗೇರ್ ಬದಲಿಸಬೇಕು, ಅದಕ್ಕೆ ಕೇಬಲ್ ಇಲ್ಲದಿರುವುದೇ ಅನುಕೂಲ. ಇಷ್ಟರವರೆಗೆ ತಯಾರಕರ ವಾದದಲ್ಲಿ ಹುರುಳಿದೆ.

ತೊಂದರೆ ಶುರುವಾಗುವುದು ಬೆರಳು ಬಿಟ್ಟ ತಕ್ಷಣ ನಡುಮಧ್ಯಕ್ಕೆ ವಾಪಸಾಗುವ ಲಿವರ್‌ನಿಂದ. ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್, ಯಾವುದರಲ್ಲಿದ್ದರೂ ಅದು ನಿಂತಿರುವುದು ಒಂದೇ ಜಾಗದಲ್ಲಿ. ಮುಟ್ಟಿದರೆ ಏನೂ ತಿಳಿಯದು. ದೀಪವನ್ನೋ ಪರದೆಯನ್ನೋ ನೋಡಲೇಬೇಕು. ಇದು ಬರೀ ಕಿರಿಕಿರಿ ಅಲ್ಲ ಅನ್ನುವುದು 2016ರಲ್ಲಿ ಸಾಬೀತಾಯಿತು. 2012ರಿಂದ 2014ರ ಡಾಡ್ಜ್ ಚಾರ್ಜರ್ ಮತ್ತು ಕ್ರೈಸ್ಲರ್ 300, 2014-15ರ ಜೀಪ್ ಗ್ರ್ಯಾಂಡ್ ಚೆರೋಕಿ ಸೇರಿ ಸುಮಾರು 11 ಲಕ್ಷ ವಾಹನಗಳನ್ನು ಇದೇ ಬಗೆಯ ಲಿವರ್‌ಗಾಗಿ ವಾಪಸ್ ಕರೆಸಬೇಕಾಯಿತು. ಡ್ರೈವ್‌ನಿಂದ ಮುಂದಕ್ಕೆ ತಳ್ಳಿದಾಗ ಪಾರ್ಕ್‌ಗೆ ಬಿತ್ತು ಅಂದುಕೊಂಡು ಜನ ಇಳಿಯುತ್ತಿದ್ದರು. ಕಾರು ನಿಜಕ್ಕೂ ರಿವರ್ಸ್‌ನಲ್ಲೋ ನ್ಯೂಟ್ರಲ್‌ನಲ್ಲೋ ಇರುತ್ತಿತ್ತು, ಉರುಳಿಬಿಡುತ್ತಿತ್ತು. ಅದಕ್ಕೆ ಮಾಡಿದ ಪರಿಹಾರವೂ ಲಿವರಿನದ್ದಲ್ಲ, ತಂತ್ರಾಂಶದ್ದು: ಚಾಲಕ ಬಾಗಿಲು ತೆಗೆದು ಇಳಿಯಹೊರಟರೆ ಕಾರೇ ಪಾರ್ಕ್‌ಗೆ ಹೋಗುವ ಹಾಗೆ ಮಾಡಿದರು. ಕೈಗೆ ಗೊತ್ತಾಗಬೇಕಿದ್ದ ಸಂಗತಿ ಕೊನೆಗೂ ಕೈಗೆ ಗೊತ್ತಾಗಲಿಲ್ಲ.

ಗುಂಡಿ ಒತ್ತಿ ಗೇರ್ ಹಾಕುವುದು ಹೊಸ ಸಂಗತಿಯೇನೂ ಅಲ್ಲ. 1956ರಿಂದ 1964ರವರೆಗೆ ಕ್ರೈಸ್ಲರ್ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಗೇರ್ ಗುಂಡಿಗಳಿದ್ದವು. 1958ರ ಎಡ್ಸೆಲ್‌ನಲ್ಲಂತೂ ಅವನ್ನು ಸ್ಟೀರಿಂಗ್ ನಡುವೆ, ಹಾರ್ನ್ ಇರಬೇಕಾದ ಜಾಗದಲ್ಲೇ ಕೂರಿಸಿದ್ದರು. ಹಾರ್ನ್ ಹೊಡೆಯಲು ಹೋದ ಕೈ ಗೇರ್ ಗುಂಡಿಯ ಮೇಲೆ ಬೀಳುತ್ತಿತ್ತು. ಎರಡೂ ಉಳಿಯಲಿಲ್ಲ. ಆಮೇಲೆ ಅಮೆರಿಕದ ವಾಹನ ಸುರಕ್ಷತಾ ನಿಯಮ 102 ಬಂತು: ರಿವರ್ಸ್‌ಗೂ ಡ್ರೈವ್‌ಗೂ ನಡುವೆ ನ್ಯೂಟ್ರಲ್ ಇರಲೇಬೇಕು. ಕಾರು ಯಾವುದೇ ಇರಲಿ, ಕೈಗೆ ಒಂದೇ ಕ್ರಮ ರೂಢಿಯಾಗಲಿ ಅನ್ನುವುದೇ ಅದರ ಹಿಂದಿನ ಯೋಚನೆ.

ಈಗಿನ ಸ್ಪೋರ್ಟ್ಸ್ ಕಾರುಗಳಲ್ಲಿ ಆ ಒಂದೇ ಕ್ರಮ ಚೂರುಚೂರಾಗಿದೆ. 2020ರ ಕಾರ್ವೆಟ್ ಸಿ8ರಲ್ಲಿ ಪಾರ್ಕ್ ಮತ್ತು ನ್ಯೂಟ್ರಲ್ ಒತ್ತುವ ಗುಂಡಿಗಳು, ರಿವರ್ಸ್ ಮತ್ತು ಡ್ರೈವ್ ಬೆರಳು ಸಿಕ್ಕಿಸಿ ಎಳೆಯುವ ಕೊಂಡಿಗಳು. ನಮಗೆ ಕೇಳಿದರೆ ಗುಂಡಿಗಳ ಪೈಕಿ ಇದೇ ಮೇಲು. ಕಾರನ್ನು ಚಲಿಸುವ ಹಾಗೆ ಮಾಡುವ ಎರಡಕ್ಕೂ ಎಳೆತ, ಉಳಿದೆರಡಕ್ಕೂ ಒತ್ತು. ಬೆರಳಿಗೆ ಕನಿಷ್ಠ ಅಷ್ಟು ವ್ಯತ್ಯಾಸ ಸಿಗುತ್ತದೆ, ಮೊಣಕೈ ತಗುಲಿ ಡ್ರೈವ್ ಬೀಳುವ ಭಯವೂ ಇಲ್ಲ. ಆಲ್ಪೈನ್ ಎ110ರಲ್ಲಿ ಮೂರೇ ಗುಂಡಿ. ಫೆರಾರಿ ರೋಮಾದಲ್ಲಿ ಹಳೆಯ ಲೋಹದ ಗೇಟಿನ (ಲಿವರ್ ಓಡಾಡುವ ಸೀಳುಗಳಿರುವ ತಗಡಿನ) ನೆನಪು ತರುವ ಒಂದು ಪಟ್ಟಿ, ಅದರ ಮೇಲೆ ಪುಟಾಣಿ ಕೊಂಡಿಗಳು. ನ್ಯೂಟ್ರಲ್‌ಗೆ ಎರಡೂ ಪ್ಯಾಡಲ್ ಒಟ್ಟಿಗೆ ಎಳೆಯಬೇಕು. ನೋಡಲು ಬಲು ಚೆಂದ. ಆದರೆ ಗೇಟಿನ ಆಕಾರವನ್ನು ಅಲಂಕಾರಕ್ಕೆ ಇಟ್ಟು ಗೇಟಿನ ಕೆಲಸವನ್ನು ಬಿಟ್ಟಿರುವುದು ಕಾರಿನ ಹುಚ್ಚಿರುವವರಿಗೆ ನೋವಾಗುವ ಸಂಗತಿಯೇ. ಇದರ ಜೊತೆಗೆ ಸುತ್ತಲೂ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಬೇರೆ. ಬಿಸಿಲಿಗೆ ಕಣ್ಣು ಕುಕ್ಕುತ್ತದೆ, ಒಣಬಟ್ಟೆಯಲ್ಲಿ ಧೂಳು ಒರೆಸಿದರೆ ನವಿರು ಗೀರು ಬೀಳುತ್ತದೆ. ಕಾರು ಬಂದ ದಿನವೇ ಪಾರದರ್ಶಕ ಫಿಲ್ಮ್ ಅಂಟಿಸಿ, ಮೈಕ್ರೋಫೈಬರ್ ಬಟ್ಟೆಯನ್ನು ಒದ್ದೆ ಮಾಡಿ ಒರೆಸಿದರೆ ಉಳಿಯುತ್ತದೆ.

ಇನ್ನು ದಿಕ್ಕಿನ ವಿಚಾರ. ಲಿವರಿನಲ್ಲೇ ಗೇರ್ ಬದಲಿಸುವ ಸೌಲಭ್ಯ ಇದ್ದರೂ ಎಷ್ಟೋ ಕಾರುಗಳಲ್ಲಿ ಮುಂದಕ್ಕೆ ತಳ್ಳಿದರೆ ಗೇರ್ ಏರುತ್ತದೆ. ಇದು ತಲೆಕೆಳಗು. ಜೋರಾಗಿ ವೇಗ ಹೆಚ್ಚಿಸುವಾಗ ಮೈ ಸೀಟಿಗೆ ಒತ್ತಿಕೊಳ್ಳುತ್ತದೆ, ಕೈಯೂ ಹಿಂದಕ್ಕೇ ಬರುತ್ತದೆ. ಆಗ ಬೇಕಾಗುವುದು ಮೇಲಿನ ಗೇರ್. ಬಲವಾಗಿ ಬ್ರೇಕ್ ಹಾಕಿದಾಗ ಮೈ ಮುಂದಕ್ಕೆ ವಾಲುತ್ತದೆ, ಆಗ ಬೇಕಾಗುವುದು ಕೆಳಗಿನ ಗೇರ್. ಹಾಗಾಗಿ ಎಳೆದರೆ ಏರಬೇಕು, ತಳ್ಳಿದರೆ ಇಳಿಯಬೇಕು. ರ್‍ಯಾಲಿ ಕಾರುಗಳ ಸೀಕ್ವೆನ್ಶಿಯಲ್ (ಒಂದೊಂದೇ ಗೇರ್ ಏರಿಸಿ ಇಳಿಸುವ) ಲಿವರ್ ಇರುವುದು ಹೀಗೇ. ಬಿಎಂಡಬ್ಲ್ಯು ಮತ್ತು ಮಾಜ್ದಾ ಇದನ್ನು ಬಹಳ ಕಾಲದಿಂದ ಪಾಲಿಸಿಕೊಂಡು ಬಂದಿವೆ. ಪೋರ್ಷೆ 2013ರ 911 ಜಿಟಿ3ಯಲ್ಲಿ ತಿದ್ದಿಕೊಂಡಿತು. ಟೊಯೋಟಾ 2024ರ ಜಿಆರ್ ಯಾರಿಸ್‌ಗೆ 8 ಗೇರ್‌ನ ಆಟೊಮ್ಯಾಟಿಕ್ ಕೊಟ್ಟಾಗ ರೇಸಿನ ರೂಢಿಯಂತೆ ದಿಕ್ಕನ್ನು ಬದಲಿಸಿತು. ಸ್ಪ್ರಿಂಗ್ ಅದೇ, ಸೆನ್ಸರ್ ಅದೇ, ಬದಲಾಗಬೇಕಾದ್ದು ಸಂಕೇತದ ಅರ್ಥ ಮಾತ್ರ. ಇಷ್ಟು ಸುಲಭದ್ದನ್ನೂ ಬಿಡುವವರನ್ನು ಕಂಡರೆ ಸಿಟ್ಟು ಬರುತ್ತದೆ.

"ಪ್ಯಾಡಲ್ ಇದೆಯಲ್ಲ" ಅನ್ನುವ ಉತ್ತರ ಅರ್ಧ ಮಾತ್ರ ಸರಿ. ಪ್ಯಾಡಲ್ ಸ್ಟೀರಿಂಗ್ ಜೊತೆಗೇ ತಿರುಗುವಂಥದ್ದಾದರೆ ಬಿಗಿ ತಿರುವಿನಲ್ಲಿ, ಸ್ಟೀರಿಂಗ್ ಅರ್ಧ ಸುತ್ತು ತಿರುಗಿದ್ದಾಗ, ಬಲದ್ದು ಎಡಕ್ಕೆ ಬಂದಿರುತ್ತದೆ. ಕೈ ತಡಕಾಡುತ್ತದೆ. ಆಲ್ಫಾ ರೋಮಿಯೊ ಜೂಲಿಯಾದ ಹಾಗೆ ಸ್ಟೀರಿಂಗ್ ಕಂಬಕ್ಕೆ ಕೂರಿಸಿದ ಉದ್ದ ಪ್ಯಾಡಲ್ ಇದ್ದರೆ ಜಾಗ ಬದಲಾಗುವುದಿಲ್ಲ, ಆದರೆ ಕೈ ಅಲ್ಲಿಗೆ ಹೋಗಬೇಕು. ಲಿವರ್ ಮಾತ್ರ ಸ್ಟೀರಿಂಗ್ ಎಲ್ಲಿದ್ದರೂ ತಾನಿದ್ದಲ್ಲೇ ಇರುತ್ತದೆ.

ಕ್ಲಚ್ ಇರುವ ಮ್ಯಾನ್ಯುಯಲ್ ಕಾರುಗಳಲ್ಲಿ ದೂರುಗಳೇ ಬೇರೆ. 2011ರಿಂದ ಮಸ್ಟಾಂಗ್ ಜಿಟಿಯಲ್ಲಿ ಬಂದ ಎಂಟಿ-82 ಗೇರ್‌ಬಾಕ್ಸ್ ತಗೊಳ್ಳಿ. ಅದರ ಲಿವರ್ ನೇರವಾಗಿ ಗೇರ್‌ಬಾಕ್ಸ್ ಮೇಲೆ ಕೂತಿಲ್ಲ. ಅದನ್ನು ಹಿಡಿದ ಚೌಕಟ್ಟಿನ ಒಂದು ತುದಿ ಗೇರ್‌ಬಾಕ್ಸ್‌ಗೆ, ಇನ್ನೊಂದು ತುದಿ ರಬ್ಬರ್ ಬುಷ್ ಮೂಲಕ ಕಾರಿನ ಮೈಗೆ. ಪೂರ್ತಿ ಆಕ್ಸಲರೇಟರ್ ಒತ್ತಿದಾಗ ಎಂಜಿನ್ನೂ ಗೇರ್‌ಬಾಕ್ಸೂ ತಮ್ಮ ಮೌಂಟ್‌ಗಳ ಮೇಲೆ ಓರೆಯಾಗುತ್ತವೆ, ಕಾರಿನ ಮೈ ಆಗುವುದಿಲ್ಲ. ನಡುವೆ ಸಿಕ್ಕ ಚೌಕಟ್ಟು ತಿರುಚಿಕೊಳ್ಳುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಮೂರನೇ ಗೇಟು ಕೈ ನೆನಪಿಟ್ಟುಕೊಂಡ ಜಾಗದಲ್ಲಿ ಇರುವುದಿಲ್ಲ, ಲಿವರ್ ಗೋಡೆಗೆ ಹೊಡೆದ ಹಾಗೆ ನಿಲ್ಲುತ್ತದೆ. ಗಟ್ಟಿ ಬುಷ್ ಹಾಕಿದರೆ ಸ್ವಲ್ಪ ಸರಿಹೋಗುತ್ತದೆ. ಚೌಕಟ್ಟನ್ನು ಪೂರ್ತಿ ಗೇರ್‌ಬಾಕ್ಸ್‌ಗೇ ಬಿಗಿಯುವ ಶಿಫ್ಟರ್ ಹಾಕಿದರೆ ಹೆಚ್ಚು ಸರಿಹೋಗುತ್ತದೆ, ಬದಲಿಗೆ ಗೇರ್‌ಬಾಕ್ಸ್‌ನ ಗುಂಯ್ ಅನ್ನುವ ಸದ್ದು ಒಳಗೆ ಕೇಳಿಸುತ್ತದೆ.

ಶಾರ್ಟ್ ಶಿಫ್ಟರ್, ಅಂದರೆ ಕಡಿಮೆ ದೂರ ಚಲಿಸುವ ಲಿವರ್, ಹಾಕಿಸುವ ಮೊದಲು ಒಂದು ಲೆಕ್ಕ ನೆನಪಿರಲಿ. ಲಿವರ್ ತುದಿಯ ಗುಬ್ಬಿ (ನಾಬ್) 70 ಮಿಲಿಮೀಟರ್ ಚಲಿಸಿದರೆ ಗೇರ್‌ಬಾಕ್ಸ್ ಕಡೆ 10 ಮಿಲಿಮೀಟರ್ ಚಲಿಸುತ್ತದೆ ಅಂದುಕೊಳ್ಳಿ, ಅಂದರೆ ಏಳು ಪಟ್ಟು ಅನುಪಾತ. ಅಲ್ಲಿ 210 ನ್ಯೂಟನ್ ಬಲ ಬೇಕಿದ್ದರೆ ಕೈಗೆ ಬೀಳುವುದು 30. ಚಲನೆಯನ್ನು 30 ಶೇಕಡಾ ಕಡಿಮೆ ಮಾಡಿ 49 ಮಿಲಿಮೀಟರ್‌ಗೆ ಇಳಿಸಿದರೆ ಕೈಗೆ ಸುಮಾರು 43 ನ್ಯೂಟನ್ ಬೀಳುತ್ತದೆ. ದೂರ 30 ಶೇಕಡಾ ಇಳಿದರೆ ಬಲ 43 ಶೇಕಡಾ ಏರುತ್ತದೆ. ಗೇರ್ ಕೂರುವ ಮೊದಲು ಸಿಂಕ್ರೊನೈಸರ್ ರಿಂಗ್ ಗೇರುಗಳ ವೇಗ ಹೊಂದಿಸಲು ತಗೊಳ್ಳುವ ಸಮಯವಂತೂ ಕಡಿಮೆಯಾಗುವುದಿಲ್ಲ. ಚಿಕ್ಕ ಚಲನೆ ನಂಬಿ ಕೈ ಅವಸರ ಮಾಡಿದರೆ ಎರಡನೇ ಗೇರ್ ಕರಕರ ಅನ್ನುತ್ತದೆ. ಎಣ್ಣೆ ಇನ್ನೂ ತಣ್ಣಗಿದ್ದಾಗ ಇದು ಹೆಚ್ಚು.

ಗುಬ್ಬಿಯ ತೂಕಕ್ಕೂ ಹದ ಇದೆ. ಹೋಂಡಾ 2020ರಲ್ಲಿ ಸಿವಿಕ್ ಟೈಪ್ ಆರ್‌ನ ದುಂಡು ಗುಬ್ಬಿ ತೆಗೆದು ಹನಿಯಾಕಾರದ್ದು ಹಾಕಿ, ಒಳಗೆ 90 ಗ್ರಾಂ ತೂಕ ಸೇರಿಸಿತು. ಟೊಯೋಟಾ ಜಿಆರ್ ಸುಪ್ರಾದ ಮ್ಯಾನ್ಯುಯಲ್‌ಗೆ 200 ಗ್ರಾಂನದ್ದನ್ನು ಆರಿಸಿತು. ತೂಕವಿದ್ದರೆ ಲಿವರ್ ಶುರುವಿನ ತಡೆಯನ್ನು ದಾಟಿದ ಮೇಲೆ ತನ್ನ ಓಟದಲ್ಲೇ ಗೇರಿಗೆ ಇಳಿಯುತ್ತದೆ. ಆದರೆ ಅರ್ಧ ಕಿಲೋದ ಉಕ್ಕಿನ ಗುಬ್ಬಿ ಹಾಕಿದರೆ ಸಿಂಕ್ರೊನೈಸರ್ "ಇನ್ನೂ ತಾಳು" ಅನ್ನುವ ತಡೆ ಕೈಗೆ ತಿಳಿಯುವುದೇ ಇಲ್ಲ. ಟೈಪ್ ಆರ್‌ನ ಅಲ್ಯೂಮಿನಿಯಂ ಗುಬ್ಬಿ ಬಿಸಿಲಲ್ಲಿ ನಿಂತರೆ ಮುಟ್ಟಲಾಗದಷ್ಟು ಕಾಯುತ್ತದೆ, ಚಳಿಯಲ್ಲಿ ಕೊರೆಯುತ್ತದೆ. ಚರ್ಮದ ಮುಸುಕು ಹಾಕಿಡುವುದೇ ಸುಲಭದ ದಾರಿ.

ಬದಲಿಸುವುದಾದರೆ ಮರೆ ಅಂದರೆ ಥ್ರೆಡ್ ಅಳತೆ ಮೊದಲು ನೋಡಿ: ಹೋಂಡಾಗಳಲ್ಲಿ ಸಾಮಾನ್ಯವಾಗಿ ಎಂ10 × 1.5 (ಅಡ್ಡಳತೆ 10 ಮಿಲಿಮೀಟರ್, ಸುತ್ತುಗಳ ಅಂತರ 1.5 ಮಿಲಿಮೀಟರ್), ಮಾಜ್ದಾ ಎಂಎಕ್ಸ್-5ರಲ್ಲಿ ಎಂ10 × 1.25, ಟೊಯೋಟಾ ಜಿಆರ್86ರಲ್ಲಿ ಎಂ12 × 1.25. ಎಂ10ರಲ್ಲಿ 1.5ನ್ನು 1.25ಕ್ಕೆ ತಿರುಗಿಸಿದರೆ ಮೊದಲ ಎರಡು ಸುತ್ತು ಹಿಡಿದ ಹಾಗೆ ಅನಿಸಿ ಆಮೇಲೆ ಮರೆ ಹಾಳಾಗುತ್ತದೆ. ಕೆಳಗೆ ಲಾಕ್ ನಟ್ ಬಿಗಿದು ಗುಬ್ಬಿಯನ್ನು ನೇರ ನಿಲ್ಲಿಸಿ, ಅಂಟು ಹಾಕಬೇಡಿ. ಜಿಆರ್86ರಲ್ಲಿ ರಿವರ್ಸ್‌ಗೆ ಎತ್ತುವ ಬಳೆ ಗುಬ್ಬಿಯ ಕೆಳಗಿದೆ. ಹೊಸ ಗುಬ್ಬಿ ಅದರ ಮೇಲೆ ಒತ್ತಿ ಕೂತರೆ ಬಳೆ ಏಳುವುದಿಲ್ಲ, ರಿವರ್ಸೂ ಬೀಳುವುದಿಲ್ಲ.

ಸರಿಯಾಗಿ ಮಾಡಿ ತೋರಿಸಿದವರೂ ಇದ್ದಾರೆ. 992 ಜಿಟಿ3 2021ರಲ್ಲಿ ಬಂದಾಗ ಪಿಡಿಕೆಗೂ ಕೈತುಂಬ ಸಿಗುವ ಲಿವರ್ ಕೊಟ್ಟರು, ಪಕ್ಕಕ್ಕೆ ಸರಿಸಿ ಎಳೆದರೆ ಗೇರ್ ಏರುತ್ತದೆ. ಅಂದರೆ ಸೀಟುಗಳ ನಡುವಿನ ಅದೇ ಕನ್ಸೋಲ್‌ನಲ್ಲಿ ಜಾಗ ಇತ್ತು. 2022ರ ಕೋನಿಗ್ಸೆಗ್ ಸಿಸಿ850ರಲ್ಲಿ ತೆರೆದ ಗೇಟಿನ ಲಿವರ್ ಒಂದೇ ಇದ್ದು, ಅದೇ ಗೇರ್‌ಬಾಕ್ಸ್ 6 ಗೇರಿನ ಮ್ಯಾನ್ಯುಯಲ್ ಆಗಿಯೂ 9 ಗೇರಿನ ಆಟೊಮ್ಯಾಟಿಕ್ ಆಗಿಯೂ ಓಡುತ್ತದೆ. ಕೋಟಿಗಟ್ಟಲೆ ಬೆಲೆಯ ಕಾರು ನಿಜ, ಆದರೂ ವೈರ್ ಮೂಲಕ ಹೋಗುವ ಸಂಕೇತಕ್ಕೆ ದೊಡ್ಡ ಲಿವರ್ ಅಡ್ಡಿಯಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ಕೊಳ್ಳುವ ಮೊದಲು ಟೆಸ್ಟ್ ಡ್ರೈವ್‌ನಲ್ಲಿ ಇದಕ್ಕೇ ಅಂತ ಹತ್ತು ನಿಮಿಷ ಎತ್ತಿಡಿ. ನಿಂತ ಕಾರಿನಲ್ಲಿ, ಬ್ರೇಕ್ ಮೇಲೆ ಕಾಲಿಟ್ಟು, ಕಣ್ಣು ಮುಚ್ಚಿ ಲಿವರ್ ಹುಡುಕಿ. ಪಕ್ಕದವರು ಗೇರ್ ಬದಲಿಸಲಿ, ಯಾವುದರಲ್ಲಿದೆ ಅಂತ ಮುಟ್ಟಿ ಹೇಳಲು ನೋಡಿ. ಖಾಲಿ ಜಾಗದಲ್ಲಿ ಡ್ರೈವ್, ರಿವರ್ಸ್, ಮತ್ತೆ ಡ್ರೈವ್ ಅಂತ ಐದು ಸಲ ಕಾರು ತಿರುಗಿಸಿ. ಎಷ್ಟು ಸಲ ಪರದೆ ನೋಡಬೇಕಾಯಿತು, ಎಷ್ಟು ಸಲ ರಿವರ್ಸ್ ಅಂದುಕೊಂಡದ್ದು ನ್ಯೂಟ್ರಲ್‌ನಲ್ಲೇ ನಿಂತಿತು ಅಂತ ಎಣಿಸಿ. ಖಾಲಿ ನೇರ ದಾರಿಯಲ್ಲಿ 30 ಕಿಲೋಮೀಟರ್ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ: ಕೆಲವು ಲಿವರ್‌ಗಳನ್ನು ಒಂದು ಕ್ಷಣ ಹಿಡಿದೇ ಇರಬೇಕು, ಆಕ್ಸಲರೇಟರ್ ಸಿಕ್ಕಿಕೊಂಡ ಗಳಿಗೆಯಲ್ಲಿ ಅದನ್ನು ಕಲಿಯಲು ಆಗದು. ಮ್ಯಾನ್ಯುಯಲ್ ಆದರೆ ಎರಡು, ನಾಲ್ಕು, ಆರರಲ್ಲಿ ಮೊಣಕೈ ಆರ್ಮ್‌ರೆಸ್ಟ್‌ಗೆ ತಗಲುತ್ತದಾ, ಲೋಟದ ಗುಳಿಯಲ್ಲಿ ಬಾಟಲಿ ಇಟ್ಟರೆ ಕೈ ಬಡಿಯುತ್ತದಾ ನೋಡಿ. ತಣ್ಣಗಿರುವ ಎಂಜಿನ್‌ನಲ್ಲೇ ಒಂದರಿಂದ ಎರಡಕ್ಕೆ ಹಾಕಿ ನೋಡಿ, ಬಿಸಿಯಾದ ಮೇಲೆ ಇನ್ನೊಮ್ಮೆ.

ಕೊನೆಗೆ ಮಾಲೀಕರ ಕೈಪಿಡಿ ತೆರೆದು, 12 ವೋಲ್ಟ್ ಬ್ಯಾಟರಿ ಸತ್ತಾಗ ಪಾರ್ಕ್ ಬಿಡಿಸುವುದು ಹೇಗೆ ಅನ್ನುವ ಪುಟ ಓದಿ. ಹಳೆಯ ಕಾರಿನಲ್ಲಿ ಲಿವರ್ ಪಕ್ಕದ ಪುಟ್ಟ ಮುಚ್ಚಳ ಎಬ್ಬಿಸಿ ಒಳಗೆ ಒತ್ತಿದರೆ ಸಾಕಿತ್ತು. ವೈರ್‌ನ ಲಿವರ್‌ಗೆ ಕರೆಂಟ್ ಇಲ್ಲದಿದ್ದರೆ ಅದು ಬರೀ ಗುಬ್ಬಿ. ಕೆಲವು ಕಾರುಗಳಲ್ಲಿ ಕನ್ಸೋಲ್ ಅಡಿಯಲ್ಲಿ ಬಿಡಿಸುವ ಕೇಬಲ್ ಇರುತ್ತದೆ, ಕೆಲವದರಲ್ಲಿ ಹೊರಗಿನಿಂದ ಕರೆಂಟ್ ಕೊಡದೆ ಗೇರ್ ಬಿಡುವುದೇ ಇಲ್ಲ. ಕೇಬಲ್ ಇದ್ದರೆ ಅದನ್ನು ಎಳೆಯುವ ಮೊದಲು ಚಕ್ರಕ್ಕೆ ಕಲ್ಲು ಕೊಡಿ, ಯಾಕೆಂದರೆ ಪಾರ್ಕ್ ಬಿಟ್ಟ ತಕ್ಷಣ ಕಾರು ಉರುಳಬಹುದು.