ಬೆರೆತದ್ದು ಬೇರಾಗುವ ಹೊತ್ತು

ಸ್ವಿಚ್ ಒತ್ತಿದೊಡನೆ ಹಾಲುಬಿಳುಪಿನಿಂದ ತಿಳಿಯಾಗುವ ಗಾಜನ್ನು ಆಸ್ಪತ್ರೆಯಲ್ಲೋ ಕಚೇರಿಯ ಮೀಟಿಂಗ್ ರೂಮಿನಲ್ಲೋ ನೀವು ನೋಡಿರಬಹುದು. ಲ್ಯಾಬಿನಲ್ಲಿ ನಾನು ಮಾಡುವುದು ಅದನ್ನೇ, ಅಂಗೈಯಗಲದ ಅಳತೆಯಲ್ಲಿ. ಬಂದವರೆಲ್ಲ ಸ್ವಿಚ್ ಒತ್ತುವ ಗಳಿಗೆಗೆ ಕಾಯುತ್ತಾರೆ. ನನ್ನ ಮನಸ್ಸಿರುವುದು ಅದಕ್ಕೂ ಮುಂಚಿನ ಹೊತ್ತಿನಲ್ಲಿ, ಯುವಿ ದೀಪದ ಕೆಳಗೆ.

ದ್ರವದಂತೆ ಹರಿದರೂ ಅಣುಗಳು ಸ್ಫಟಿಕದಲ್ಲಿರುವಂತೆ ಒಂದು ದಿಕ್ಕಿಗೆ ಸಾಲಾಗಿರುವ ವಸ್ತುವೇ ದ್ರವ ಸ್ಫಟಿಕ. ನಾನು ಹೆಚ್ಚು ಬಳಸುವುದು ಇ7 ಎಂಬುದನ್ನು. ಜೊತೆಗೆ ಎನ್‌ಒಎ65, ಲೆನ್ಸುಗಳನ್ನು ಅಂಟಿಸಲೆಂದೇ ತಯಾರಾದ, ಯುವಿ (ನೇರಳಾತೀತ) ಬೆಳಕಿಗೆ ಗಟ್ಟಿಯಾಗುವ ಅಂಟು. ಎರಡನ್ನೂ ಹೆಚ್ಚುಕಡಿಮೆ ಸಮಪಾಲಿನಲ್ಲಿ ತೂಗಿ, ಬೆಚ್ಚಗೆ ಮಾಡಿ ಕಲಸಿದರೆ ನೀರಿನಷ್ಟು ತಿಳಿಯಾದ ದ್ರವ ಸಿಗುತ್ತದೆ. ಅದನ್ನು ಎರಡು ಐಟಿಒ ಗಾಜುಗಳ (ವಿದ್ಯುತ್ ಹರಿಸುವ ಪಾರದರ್ಶಕ ಲೇಪನವಿರುವ ಗಾಜುಗಳ) ನಡುವಿನ 20 ಮೈಕ್ರಾನ್ ಸಂದಿಗೆ ಹರಿಸಬೇಕು. ಐಟಿಒ ಲೇಪನ ಕಣ್ಣಿಗೆ ಕಾಣದು. ಯಾವ ಬದಿಯಲ್ಲಿದೆ ಎಂದು ಮಲ್ಟಿಮೀಟರ್ ಇಟ್ಟೇ ನೋಡಬೇಕು. ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೂ ಅದನ್ನೇ.

ದೀಪ ಹಾಕಿದೊಡನೆ ಅಂಟಿನ ಅಣುಗಳು ಸರಪಳಿಯಾಗತೊಡಗುತ್ತವೆ, ಅಂದರೆ ಪಾಲಿಮರ್ ಆಗತೊಡಗುತ್ತವೆ. ಸರಪಳಿ ಬೆಳೆದಷ್ಟೂ ದ್ರವ ಸ್ಫಟಿಕಕ್ಕೆ ಅದರಲ್ಲಿ ಕರಗಿರಲು ಆಗುವುದಿಲ್ಲ, ಹನಿಹನಿಯಾಗಿ ಹೊರಬೀಳುತ್ತದೆ. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್‌ಗಳನ್ನು ಒಂದಕ್ಕೊಂದು ಅಡ್ಡಹಾಕಿ, ಅವುಗಳ ನಡುವೆ, ಸೂಕ್ಷ್ಮದರ್ಶಕದಲ್ಲಿ, ಮೊದಲು ಬರೀ ಕತ್ತಲು. ಆಮೇಲೆ ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕಿ, ನೋಡನೋಡುತ್ತ ಮೈತುಂಬ ಚುಕ್ಕಿ. ಎಷ್ಟು ಸಲ ನೋಡಿದರೂ ನನಗೆ ತಣಿವಿಲ್ಲ. ಇಡೀ ಸಾಧನದ ಹಣೆಬರಹ ತೀರ್ಮಾನವಾಗುವುದು ಇಲ್ಲೇ. ದೀಪ ಪ್ರಖರವಾಗಿದ್ದರೆ ಪಾಲಿಮರ್ ಬೇಗ ಗಟ್ಟಿಯಾಗಿ, ಹನಿಗಳು ಬೆಳೆಯಲು ಪುರಸೊತ್ತಿಲ್ಲದೆ ಸಣ್ಣಗೇ ಉಳಿಯುತ್ತವೆ; ಆ ಸಣ್ಣ ಹನಿಯೊಳಗಿನ ಅಣುಗಳನ್ನು ತಿರುಗಿಸಲು ಹೆಚ್ಚು ವೋಲ್ಟೇಜ್ ಬೇಕು. ದೀಪ ಮಂದವಾದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಬಿಳುಪು ತೆಳುವಾಗುತ್ತದೆ. ಒಂದು ಮೈಕ್ರಾನ್ ಆಸುಪಾಸಿನ ಹನಿಯೇ ಬೆಳಕನ್ನು ಚೆನ್ನಾಗಿ ಚದುರಿಸುವುದು.

ಬೆಳಕು ಒಂದು ವಸ್ತುವಿನಲ್ಲಿ ಎಷ್ಟು ಬಾಗುತ್ತದೆ ಎನ್ನುವುದರ ಅಳತೆ ವಕ್ರೀಭವನ ಸೂಚ್ಯಂಕ. ಅಣುಗಳು ಬೆಳಕಿಗೆ ಯಾವ ದಿಕ್ಕಿನಲ್ಲಿವೆ ಎನ್ನುವುದರ ಮೇಲೆ ಇ7ಗೆ ಎರಡು ಸೂಚ್ಯಂಕ: 1.52 ಮತ್ತು 1.74. ಗಟ್ಟಿಯಾದ ಅಂಟಿನದು ಸುಮಾರು 1.52. ವಿದ್ಯುತ್ ಇಲ್ಲದಾಗ ಒಂದೊಂದು ಹನಿಯದು ಒಂದೊಂದು ದಿಕ್ಕು. ಅಂಟಿಗೂ ಹನಿಗೂ ಸೂಚ್ಯಂಕ ಹೊಂದದೆ ಬೆಳಕು ಚದುರಿ ಗಾಜು ಬೆಳ್ಳಗಾಗುತ್ತದೆ. ಎಸಿ ವೋಲ್ಟೇಜ್ ಕೊಟ್ಟಾಗ ಅಣುಗಳೆಲ್ಲ ಗಾಜಿಗೆ ನೆಟ್ಟಗೆ ನಿಲ್ಲುತ್ತವೆ. ಆಗ ಎದುರಿನಿಂದ ಬಂದ ಬೆಳಕಿಗೆ ಹನಿಯೂ 1.52, ಅಂಟೂ 1.52, ತಡೆಯೇ ಇಲ್ಲ. ಓರೆಯಿಂದ ನೋಡಿದರೆ ಆ ಹೊಂದಿಕೆ ತಪ್ಪಿ ತೆಳುಮಂಜು ಕಾಣುತ್ತದೆ. ಡಿಸಿ ಕೊಡಬಾರದು: ಒಳಗಿನ ಅಯಾನುಗಳು ಹೋಗಿ ಎಲೆಕ್ಟ್ರೋಡಿನ ಬಳಿ ಸೇರಿಬಿಡುತ್ತವೆ.

ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ವಿಲಿಯಂ ಡೋನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಲೇಖನ ಈ ಕೆಲಸಕ್ಕೆಲ್ಲ ಬುನಾದಿ. ದ್ರವ ಸ್ಫಟಿಕದ ನಂಟು ಬೆಂಗಳೂರಿಗೆ ಅದಕ್ಕಿಂತ ಹಳೆಯದು. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟವರು ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್. ಮುಂದೆ ಚಂದ್ರಶೇಖರ್ ಜಾಲಹಳ್ಳಿಯಲ್ಲಿ ಇದಕ್ಕೆಂದೇ ಒಂದು ಕೇಂದ್ರ ಕಟ್ಟಿದರು. ಈ ಊರಿನಲ್ಲಿ ಕೂತು ಇದೇ ಕೆಲಸ ಮಾಡುವುದು ನನಗೆ ಹೆಮ್ಮೆ.

ಮನೆ ಕಟ್ಟಿಸುವ ನೆಂಟರು, "ಕಿಟಕಿಗೆ ಹಾಕಿಸಿದರೆ ಸೆಕೆ ಕಡಿಮೆಯಾಗುತ್ತಾ?" ಅಂತ ಕೇಳುತ್ತಾರೆ. ಅಷ್ಟೇನೂ ಆಗದು. ಬೆಳ್ಳಗಿದ್ದಾಗಲೂ ಚದುರಿದ ಬೆಳಕಿನ ಹೆಚ್ಚುಪಾಲು ಮುಂದಕ್ಕೇ, ಅಂದರೆ ಕೋಣೆಯೊಳಕ್ಕೇ ಹೋಗುತ್ತದೆ. ಇದು ಮರೆಗೆ ಒದಗುವ ಗಾಜು. ಬಿಸಿಲು ತಡೆಯುವ ಗಾಜೆಂದು ಮಾರುವುದು ನನಗೆ ಒಪ್ಪಿಗೆಯಿಲ್ಲ. ತಿಳಿಯಾಗಿರುವಷ್ಟು ಹೊತ್ತೂ ಕರೆಂಟ್ ಬೇಕು ಎನ್ನುವುದನ್ನೂ ಮಾರುವವರು ಮೊದಲೇ ಹೇಳಬೇಕು.

ನಾನೀಗ ಕೈಹಾಕಿರುವುದು ಇದರ ತಿರುವುಮುರುವಿಗೆ: ಕರೆಂಟ್ ಇಲ್ಲದಾಗ ತಿಳಿ, ಕೊಟ್ಟಾಗ ಬಿಳುಪು. ಪಾಲಿಮರ್ ಶೇಕಡಾ ಕೆಲವೇ ಪಾಲು. ಅದು ಹನಿಗಳನ್ನು ಸುತ್ತುವರಿಯುವ ಬದಲು ದ್ರವ ಸ್ಫಟಿಕದೊಳಗೇ ತೆಳ್ಳನೆಯ ಬಲೆಯಾಗಿ ಹರಡಬೇಕು. ಆ ಬಲೆ ಅಣುಗಳನ್ನು ನೆಟ್ಟಗೆ ಹಿಡಿದಿರಬೇಕು, ವೋಲ್ಟೇಜ್ ಬಂದಾಗ ವಾಲಲು ಬಿಡಬೇಕು, ಹೋದಾಗ ಮತ್ತೆ ಎಳೆದು ನಿಲ್ಲಿಸಬೇಕು. ಬಲೆ ದಟ್ಟವಾದರೆ ವೋಲ್ಟೇಜ್ ಏರುತ್ತದೆ, ವಿರಳವಾದರೆ ಬಿಳುಪು ಸಾಲದು. ಇಲ್ಲೂ ದೀಪದ ಪ್ರಖರತೆಯನ್ನೇ ಮೊದಲು ಬದಲಿಸಿ ನೋಡುತ್ತಿದ್ದೇನೆ.